ಗ್ರೀನ್ ಟೀ ಎಲ್ಲವೂ ಒಂದೇ ಥರ ಕಹಿ: ನಾಲಿಗೆಯ ತಪ್ಪೋ, ಮಾಡುವ ರೀತಿಯ ತಪ್ಪೋ?

ಪ್ರಶ್ನೆ: “ನನಗೆ 52 ವರ್ಷ. ದಾವಣಗೆರೆಯಲ್ಲಿದ್ದೇನೆ. ಶುಗರ್ ಬಾರ್ಡರ್‌ನಲ್ಲಿದೆ ಎಂದು ಡಾಕ್ಟರ್ ಹೇಳಿದ ಮೇಲೆ ಸಕ್ಕರೆ ಹಾಕಿದ ಹಾಲಿನ ಟೀ ಬಿಟ್ಟೆ. ಮಗಳು ಹಲವು ಬಗೆಯ ಟೀ ಬ್ಯಾಗ್ ಇರುವ ಡಬ್ಬ ಕಳಿಸಿದ್ದಾಳೆ. ಸಾದಾ ಗ್ರೀನ್ ಟೀ, ಜಾಸ್ಮಿನ್, ಜೇನು-ನಿಂಬೆ, ತುಳಸಿ, ಕ್ಯಾಮೊಮೈಲ್, ದಾಸವಾಳ, ಹೀಗೆ. ಒಂದು ಸ್ಟೀಲ್ ಲೋಟಕ್ಕೆ ಮರಳುವ ನೀರು ಹಾಕಿ, ಬ್ಯಾಗ್ ಬಿಟ್ಟು, ಕುಡಿಯುವಷ್ಟು ಆರಿದ ಮೇಲೆ ಸಂಜೆಯ ಮಂಡಕ್ಕಿ-ಮಿರ್ಚಿ ಜೊತೆ ಕುಡಿಯುತ್ತೇನೆ. ಸತ್ವ ದಂಡವಾಗಬಾರದೆಂದು ಬ್ಯಾಗನ್ನು ಚೆನ್ನಾಗಿ ಹಿಂಡುತ್ತೇನೆ. ಡಬ್ಬದ ಮೇಲೆ ಹೂವಿನ ಕಂಪು, ಎಳೆ ಹುಲ್ಲಿನ ತಾಜಾತನ ಎಂದೆಲ್ಲ ಬರೆದಿದೆ. ನನಗೆ ಗೊತ್ತಾಗುವುದು ಕಹಿ ಮಾತ್ರ. ನನ್ನ ನಾಲಿಗೆ ಸರಿ ಇಲ್ಲವೇ, ಅಥವಾ ಬರೆದದ್ದೆಲ್ಲ ಬರೀ ಜಾಹೀರಾತೇ? ಮನೆಯಲ್ಲೇ ರುಚಿ ನೋಡಿ, ಯಾವುದು ಹೇಗಿದೆ ಎಂದು ಬರೆದಿಡಲು ಕ್ರಮ ಏನಾದರೂ ಇದೆಯೇ?”

ಉತ್ತರ:

ನೀವು ಟೀ ಮಾಡುವ ಕ್ರಮವನ್ನು ಇಷ್ಟು ವಿವರವಾಗಿ ಬರೆದದ್ದರಿಂದ ನನ್ನ ಕೆಲಸ ಅರ್ಧ ಮುಗಿದಿದೆ. ಹೀಗೆ ಮಾಡಿದರೆ ಯಾವ ಗ್ರೀನ್ ಟೀ ಆದರೂ ಕಹಿಯೇ. ಬೆಲೆಬಾಳುವ ಎಲೆ ತಂದರೂ ಅಷ್ಟೇ. ಹಾಗಿದ್ದರೂ ನಾಲಿಗೆಯ ಸಂಶಯವನ್ನು ಮೊದಲು ಬಗೆಹರಿಸಿಕೊಳ್ಳಿ. ಅದಕ್ಕೆ ಒಂದು ನಿಮಿಷ ಸಾಕು.

ಎರಡು ಬೆರಳಿನಿಂದ ಮೂಗನ್ನು ಬಿಗಿಯಾಗಿ ಹಿಡಿದು, ಬೆಚ್ಚಗಿನ ಜಾಸ್ಮಿನ್ ಟೀ ಒಂದು ಗುಟುಕು ಬಾಯಿಗೆ ಹಾಕಿಕೊಳ್ಳಿ. ಸ್ವಲ್ಪ ಕಹಿ, ಸ್ವಲ್ಪ ಒಗರು, ಅದರಾಚೆಗೆ ಏನೂ ತಿಳಿಯುವುದಿಲ್ಲ. ಈಗ ನುಂಗಿ, ಮೂಗು ಬಿಟ್ಟು, ಉಸಿರನ್ನು ಮೂಗಿನಿಂದ ಹೊರಕ್ಕೆ ಬಿಡಿ. ಮಲ್ಲಿಗೆ ಆಗ ಬರುತ್ತದೆ. ಬಂದರೆ ನಿಮ್ಮ ಮೂಗೂ ನಾಲಿಗೆಯೂ ಸರಿಯಾಗಿವೆ ಎಂದೇ ಲೆಕ್ಕ. ನಾಲಿಗೆಗೆ ಸಿಗುವುದು ಸಿಹಿ, ಹುಳಿ, ಉಪ್ಪು, ಕಹಿ, ಮತ್ತು ಬೇಳೆಕಟ್ಟಿನ ಸಾರು, ಟೊಮೆಟೊ, ಅಣಬೆಗಳಲ್ಲಿ ಇರುವ ಉಮಾಮಿ ಎಂಬ ಐದನೆಯ ರುಚಿ, ಇಷ್ಟೇ. ಹೂವು, ಹುಲ್ಲು, ಹಣ್ಣು, ಹೊಗೆ ಎಲ್ಲವೂ ಗಂಟಲ ಹಿಂಭಾಗದಿಂದ ಮೂಗಿಗೆ ಏರುವ ವಾಸನೆಗಳು. ಡಬ್ಬದ ಮೇಲಿನ ಬರಹವನ್ನು ನಾಲಿಗೆಯ ಮೇಲೆ ಹುಡುಕಿದರೆ ಸಿಗುವುದಿಲ್ಲ.

ಮೂಗು ಬಿಟ್ಟರೂ ಏನೂ ತಿಳಿಯದಿದ್ದರೆ ಇಂಗು, ಕಾಫಿಪುಡಿ, ಹೇರಳೆಕಾಯಿ ಸಿಪ್ಪೆ ಮೂಸಿ ನೋಡಿ. ಅವೂ ಸಪ್ಪೆ ಎನಿಸಿದರೆ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿ. ಸೈನಸ್, ಹಳೆಯ ನೆಗಡಿ, ಕೋವಿಡ್ ನಂತರದ ತೊಂದರೆ, ಯಾವುದೂ ಇರಬಹುದು. ಇನ್ನೊಂದು ವಿಷಯ: ಶುಗರ್‌ಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವ ಕೆಲವರ ಬಾಯಲ್ಲಿ ಲೋಹದಂಥ ರುಚಿ ಉಳಿಯುತ್ತದೆ. ನಿಮಗೆ ಆ ಮಾತ್ರೆ ಇದ್ದು, ಅನ್ನ-ಸಾರಿನ ರುಚಿಯೂ ಬದಲಾದಂತಿದ್ದರೆ ಡಾಕ್ಟರ್‌ಗೆ ಹೇಳಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಕಹಿ ಎಲ್ಲಿಂದ ಬರುತ್ತದೆ

ಹಾಲಿನ ಟೀಗೆ ಹಾಕುವ ಪುಡಿಯೂ ಗ್ರೀನ್ ಟೀಯೂ ಒಂದೇ ಗಿಡದ್ದು, ಕ್ಯಾಮೆಲಿಯಾ ಸೈನೆನ್ಸಿಸ್. ಕಪ್ಪು ಟೀಗೆ ಎಲೆಯನ್ನು ಜಜ್ಜಿ, ಗಾಳಿಗೆ ಬಿಟ್ಟು, ಅದರೊಳಗಿನ ಕಿಣ್ವ ಕೆಲಸ ಮಾಡಿ ಬಣ್ಣ ತಿರುಗಲು ಬಿಡುತ್ತಾರೆ. ಗ್ರೀನ್ ಟೀಗೆ ಕಿತ್ತ ಎಲೆಯನ್ನು ಬೇಗನೆ ಬಿಸಿ ಮಾಡಿ ಆ ಕಿಣ್ವವನ್ನು ಕೊಲ್ಲುತ್ತಾರೆ. ಚೀನಾದಲ್ಲಿ ಹೆಚ್ಚಾಗಿ ಬಾಣಲೆಯಲ್ಲಿ ಹುರಿಯುವುದು, ಜಪಾನಿನಲ್ಲಿ ಹಬೆಯಲ್ಲಿ ಬೇಯಿಸುವುದು. ಹೀಗಾಗಿ ಎಲೆಯ ಕ್ಯಾಟೆಚಿನ್‌ಗಳು ಹಾಗೆಯೇ ಉಳಿಯುತ್ತವೆ. ಕಹಿಯೂ ಒಗರೂ ಮುಖ್ಯವಾಗಿ ಅವುಗಳದ್ದೇ. ಕೆಫೀನಿನ ಕಹಿ ಅದರ ಜೊತೆ ಸೇರುತ್ತದೆ. ಇದಕ್ಕೆ ಎದುರು ನಿಲ್ಲುವುದು ಥಿಯನೈನ್ ಎಂಬ ಅಮೈನೋ ಆಮ್ಲ. ಮೆಲ್ಲನೆಯ ಸಿಹಿ, ಬೇಳೆಕಟ್ಟಿನಂಥ ತುಂಬು ರುಚಿ ಅದರಿಂದ.

ಈಗ ನಿಮ್ಮ ಲೋಟಕ್ಕೆ ಬನ್ನಿ. ಥಿಯನೈನ್ ಅಷ್ಟೇನೂ ಬಿಸಿಯಿಲ್ಲದ ನೀರಿಗೂ ಸುಲಭವಾಗಿ ಇಳಿಯುತ್ತದೆ. ಕ್ಯಾಟೆಚಿನ್ ಹಾಗಲ್ಲ, ನೀರು ಬಿಸಿಯಾದಷ್ಟೂ, ಹೊತ್ತು ಕಳೆದಷ್ಟೂ ಹೆಚ್ಚು ಹೆಚ್ಚು ಇಳಿಯುತ್ತಲೇ ಹೋಗುತ್ತದೆ. ಬ್ಯಾಗಿನಲ್ಲಿ ಇರುವುದು ಎಲೆಯ ಚೂರು, ಪುಡಿ. ಅದು ಇಡೀ ಎಲೆಗಿಂತ ಬಹಳ ಬೇಗ ಬಿಟ್ಟುಕೊಡುತ್ತದೆ. ಮರಳುವ ನೀರಿನಲ್ಲಿ, ಆರುವ ತನಕ, ಅಂದರೆ 10 ನಿಮಿಷಕ್ಕೂ ಹೆಚ್ಚು ಹೊತ್ತು ಬಿಟ್ಟು, ಕೊನೆಗೆ ಹಿಂಡಿದರೆ ಬ್ಯಾಗಿನ ಹೊಟ್ಟೆಯಲ್ಲಿ ನಿಂತ ಅತಿ ಗಟ್ಟಿಯಾದ ನೀರೂ ಕಪ್ಪಿಗೆ ಬರುತ್ತದೆ. ಇದರ ಮೇಲೆ ಮಿರ್ಚಿಯ ಖಾರ. ಖಾರ ಬಾಯಿಯನ್ನು ಉರಿಸಿ ಮಂದಗೊಳಿಸುತ್ತದೆ, ಎಣ್ಣೆ ನಾಲಿಗೆಗೆ ಲೇಪವಾಗುತ್ತದೆ, ಉಳಿದ ಸೂಕ್ಷ್ಮವೆಲ್ಲ ಅಲ್ಲಿಗೆ ಮುಗಿಯಿತು. ಮಂಡಕ್ಕಿ-ಮಿರ್ಚಿ ಬಿಡಿ ಎನ್ನುತ್ತಿಲ್ಲ, ಅದು ದಾವಣಗೆರೆಯವರಿಗೆ ಹೇಳುವ ಮಾತೂ ಅಲ್ಲ. ರುಚಿ ನೋಡುವ ಟೀಗೂ ಅದಕ್ಕೂ ಒಂದು ಗಂಟೆ ಅಂತರ ಇರಲಿ.

ಇಂದೇ ಮಾಡಬಹುದಾದ ಪರೀಕ್ಷೆ ಇದು. ಸಾದಾ ಗ್ರೀನ್ ಟೀಯ ಎರಡು ಬ್ಯಾಗ್, ಒಂದೇ ಅಳತೆಯ ಎರಡು ಕಪ್ ತೆಗೆದುಕೊಳ್ಳಿ. ಮೊದಲನೆಯದನ್ನು ನಿಮ್ಮ ರೀತಿಯಲ್ಲೇ ಮಾಡಿ. ಎರಡನೆಯದಕ್ಕೆ 80 ಡಿಗ್ರಿಯ ನೀರು 150 ಮಿ.ಲೀ., ಸರಿಯಾಗಿ 2 ನಿಮಿಷ, ಹಿಂಡದೆ ಎತ್ತಿಬಿಡಿ. ಎರಡೂ ಒಂದೇ ಬಿಸಿಗೆ ಬಂದಾಗ ಒಂದರ ನಂತರ ಒಂದು ಗುಟುಕು ಕುಡಿಯಿರಿ. ಒಂದೇ ಡಬ್ಬದ ಬ್ಯಾಗುಗಳು ಎಂದು ನಂಬುವುದು ಕಷ್ಟವಾಗುತ್ತದೆ.

ಥರ್ಮಾಮೀಟರ್ ಬೇಕಿಲ್ಲ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ನಿಮ್ಮ ಊರಿನಲ್ಲಿ ನೀರು ಮರಳುವುದು 98 ಡಿಗ್ರಿಯ ಆಸುಪಾಸಿನಲ್ಲಿ (ಬೆಂಗಳೂರಿನಲ್ಲಿ 97). ಮರಳುವ ನೀರು 3 ಪಾಲು, ಹೂಜಿಯಲ್ಲಿಟ್ಟ ಕುಡಿಯುವ ನೀರು 1 ಪಾಲು ಬೆರೆಸಿದರೆ 80 ಡಿಗ್ರಿ ಹತ್ತಿರ ಬರುತ್ತದೆ. 2 ಪಾಲಿಗೆ 1 ಪಾಲು ಬೆರೆಸಿದರೆ 74ರ ಸುತ್ತಮುತ್ತ. ನೀರನ್ನು ಮೊದಲು ಬೆರೆಸಿ, ಆಮೇಲೆ ಟೀ ಮೇಲೆ ಹುಯ್ಯಿರಿ. ಬಿಸಿನೀರಲ್ಲಿ ಟೀ ಬಿಟ್ಟು ನಂತರ ತಣ್ಣೀರು ಸೇರಿಸಿದರೆ ಪ್ರಯೋಜನವಿಲ್ಲ, ಇಳಿದ ಕಹಿ ತಿರುಗಿ ಎಲೆಗೆ ಹೋಗುವುದಿಲ್ಲ.

ನೀರಿನ ವಿಷಯ ಬಂದದ್ದರಿಂದ ಹೇಳುತ್ತೇನೆ. ಬೋರ್‌ವೆಲ್ ನೀರಾದರೆ ಟೀ ಮೇಲೆ ತೆಳುವಾದ ಕೆನೆಯಂಥ ಪೊರೆ ಕಟ್ಟುತ್ತದೆ, ಬಣ್ಣ ಮಂಕಾಗಿ ಕಪ್ಪಗಾಗುತ್ತದೆ, ಪರಿಮಳ ಏಳುವುದಿಲ್ಲ. ನೀರಿನ ಸುಣ್ಣದಂಶದ ಕೆಲಸ ಅದು, ಟೀಯದ್ದಲ್ಲ. ಆರ್‌ಒ ನೀರಿನಲ್ಲಿ ಬಣ್ಣ ತಿಳಿಯಾಗಿ, ಪರಿಮಳ ಚೆನ್ನಾಗಿ ಬರುತ್ತದೆ. ಆದರೆ ಖನಿಜ ತೀರಾ ಕಡಿಮೆಯಾದ ನೀರಿನಲ್ಲಿ ಕಹಿಯೂ ಚುರುಕಾಗುತ್ತದೆ. ಆಗ ಸಮಯವನ್ನು ಅರ್ಧ ನಿಮಿಷ ಇಳಿಸಿ. ಯಾವ ನೀರೇ ಇರಲಿ, ಹೋಲಿಸುವ ಎಲ್ಲ ಕಪ್ಪಿಗೂ ಅದೇ ಇರಬೇಕು.

ರುಚಿ ನೋಡುವ ಕ್ರಮ

ವೃತ್ತಿಯವರಿಗೆ ಐಎಸ್‌ಒ 3103 ಎಂಬ ಅಂತರರಾಷ್ಟ್ರೀಯ ಕ್ರಮವಿದೆ. 1980ರಲ್ಲಿ ಮೊದಲು ಬಂದದ್ದು. 100 ಮಿ.ಲೀ.ಗೆ 2 ಗ್ರಾಂ ಎಲೆ, ಮರಳುವ ನೀರು, 6 ನಿಮಿಷ. ಇದನ್ನು ಓದಿ ಮನೆಯಲ್ಲಿ ಹಾಗೆಯೇ ಮಾಡಲು ಹೋಗಬೇಡಿ. ಅದು ಕುಡಿದು ಸುಖಪಡಲು ಮಾಡಿದ ಕ್ರಮವಲ್ಲ. ಎಲೆಯ ದೋಷವೆಲ್ಲ ಬಯಲಿಗೆ ಬರಲಿ, ಎಲ್ಲರ ಕಪ್ಪೂ ಒಂದೇ ಥರ ಇರಲಿ ಎಂದು ಮಾಡಿದ್ದು. ಅದರಿಂದ ನಾವು ತೆಗೆದುಕೊಳ್ಳಬೇಕಾದ್ದು ಒಂದೇ: ಎಲೆಯ ತೂಕ, ನೀರು, ಬಿಸಿ, ಸಮಯ ಎಲ್ಲ ಕಪ್ಪಿನಲ್ಲೂ ಒಂದೇ ಇದ್ದರೆ ಮಾತ್ರ ಕಾಣುವ ವ್ಯತ್ಯಾಸ ಟೀಯದ್ದು.

ನಿಮಗೆ ಬೇಕಾದದ್ದು ಒಳಗೆ ಬಿಳಿಯಾಗಿರುವ, ಒಂದೇ ಅಳತೆಯ 3 ಪಿಂಗಾಣಿ ಕಪ್, ಸೋಸಿಕೊಳ್ಳಲು ಅಂಥದ್ದೇ ಇನ್ನೂ 3, ಮುಚ್ಚಲು 3 ಸಣ್ಣ ತಟ್ಟೆ, ಸಣ್ಣ ಕಣ್ಣಿನ ಜಾಲರಿ, ಮೊಬೈಲಿನ ಟೈಮರ್. ಬಿಡಿ ಎಲೆ ಕೊಳ್ಳುವ ಯೋಚನೆ ಇದ್ದರೆ 0.1 ಗ್ರಾಂ ತೋರಿಸುವ ಸಣ್ಣ ತಕ್ಕಡಿಯನ್ನೂ ಕೊಳ್ಳಿ. ಚಮಚದ ಅಳತೆ ಇಲ್ಲಿ ಮೋಸ ಮಾಡುತ್ತದೆ. ಗುಂಡಗೆ ಉರುಳಿಸಿದ ಗನ್‌ಪೌಡರ್ ಟೀ ಒಂದು ಚಮಚಕ್ಕೆ 3 ಗ್ರಾಂ ಹತ್ತಿರ ತೂಗಿದರೆ, ಹಗುರಾದ ಉದ್ದೆಲೆ ಅದೇ ಚಮಚದಲ್ಲಿ 1 ಗ್ರಾಂ ಬರುವುದೂ ಕಷ್ಟ. ಸ್ಟೀಲ್ ಲೋಟ ಬೇಡ. ಬಣ್ಣ ಕಾಣುವುದಿಲ್ಲ, ತುಟಿ ಸುಡುತ್ತದೆ.

ಖಾಲಿ ಕಪ್ಪಿಗೆ ಬಿಸಿನೀರು ಹಾಕಿ ಚೆಲ್ಲಿ, ಒರೆಸಿ, ಬೆಚ್ಚಗಿರುವಾಗಲೇ 2 ಗ್ರಾಂ ಎಲೆ ಹಾಕಿ ಮುಚ್ಚಿ. ಬ್ಯಾಗಾದರೆ ಅದನ್ನೇ ಕತ್ತರಿಸಿ ಸುರಿಯಿರಿ. ಅರ್ಧ ನಿಮಿಷ ಬಿಟ್ಟು ತಟ್ಟೆ ಸರಿಸಿ ಮೂಸಿ. ಒಣ ಎಲೆ ಕಪ್ಪಿನ ಬಿಸಿಗೆ ಬಾಯಿ ಬಿಡುತ್ತದೆ. ನಂತರ 80 ಡಿಗ್ರಿಯ ನೀರು 150 ಮಿ.ಲೀ. ಹಾಕಿ 2 ನಿಮಿಷ ಮುಚ್ಚಿ, ಇನ್ನೊಂದು ಕಪ್ಪಿಗೆ ಸೋಸಿ. ಈಗ ಜಾಲರಿಯಲ್ಲಿ ಉಳಿದ ಒದ್ದೆ ಎಲೆಯನ್ನು ಮೂಸಬೇಕು. ಹೆಚ್ಚಿನವರು ಇದನ್ನು ಬಿಟ್ಟೇಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಇಡೀ ಕ್ರಮದಲ್ಲಿ ಅತಿ ಹೆಚ್ಚು ಸುದ್ದಿ ಕೊಡುವುದು ಇದೇ. ಮೊದಲ 30 ಸೆಕೆಂಡು ಬರುವ ವಾಸನೆ ಒಂದು, ಎಲೆ ಆರಿದ ಮೇಲೆ ಬರುವುದು ಇನ್ನೊಂದು. ಮುಗ್ಗುಲು, ಹೊಗೆ, ಸೀದದ್ದು, ಹಳೆ ರಟ್ಟಿನ ವಾಸನೆ ಯಾವುದಿದ್ದರೂ ಮೊದಲು ಸಿಕ್ಕಿಬೀಳುವುದು ಇಲ್ಲಿ.

ಬಣ್ಣ ನೋಡಿ. ಗ್ರೀನ್ ಟೀ ಎಂದರೆ ಪಚ್ಚೆ ಹಸಿರು ಎಂದಲ್ಲ. ಹುರಿದ ಎಲೆಯದ್ದು ತಿಳಿಹಳದಿ, ಹಬೆಯಲ್ಲಿ ಬೇಯಿಸಿದ್ದು ಹಳದಿ ಬೆರೆತ ಹಸಿರು. 2 ನಿಮಿಷಕ್ಕೇ ಕಂದು ಬಂದರೆ ಎಲೆ ಹಳತಾಗಿರುವ ಸಾಧ್ಯತೆ ಹೆಚ್ಚು.

ಆಮೇಲೆ ಗುಟುಕು. ಟೀ 60 ಡಿಗ್ರಿಗಿಂತ ಕೆಳಗಿಳಿಯಲಿ, ಅಂದರೆ ಬೆರಳಿಟ್ಟರೆ ಬಿಸಿ ಎನಿಸಬೇಕು, ಚುರುಗುಟ್ಟಬಾರದು. 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳ ನಿತ್ಯಸೇವನೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಬಹುಶಃ ಕ್ಯಾನ್ಸರ್‌ಕಾರಕ ಎಂಬ ಪಟ್ಟಿಗೆ ಸೇರಿಸಿದೆ. ಅದಿರಲಿ, ಸುಟ್ಟ ನಾಲಿಗೆಗೆ ರುಚಿಯೂ ತಿಳಿಯುವುದಿಲ್ಲ. ಚಮಚದಲ್ಲಿ ತೆಗೆದು, ಗಾಳಿ ಸೇರುವಂತೆ ಸೊರ್ ಎಂದು ಜೋರಾಗಿ ಎಳೆಯಿರಿ. ಊಟದ ಮನೆಯಲ್ಲಿ ಮಕ್ಕಳು ಮಾಡಿದರೆ ಗದರಿಸುವ ಆ ಸದ್ದೇ ಇಲ್ಲಿ ಬೇಕಾದದ್ದು. ಟೀ ತುಂತುರಾಗಿ ಬಾಯಿ ತುಂಬ ಹರಡಿ ಪರಿಮಳ ಮೂಗಿಗೆ ಏರುತ್ತದೆ. 3 ಸೆಕೆಂಡು ಬಾಯಲ್ಲಿ ತಿರುಗಿಸಿ, ನುಂಗಿ ಅಥವಾ ಉಗುಳಿ, ಮೂಗಿನಿಂದ ಉಸಿರು ಬಿಡಿ. ಸುಮ್ಮನೆ ಅರ್ಧ ನಿಮಿಷ ಕಾಯಿರಿ. ಒಳ್ಳೆಯ ಗ್ರೀನ್ ಟೀಯಲ್ಲಿ ಕಹಿ ಹಿಂದೆ ಸರಿದು, ನೆಲ್ಲಿಕಾಯಿ ತಿಂದು ನೀರು ಕುಡಿದಂತೆ, ಗಂಟಲಲ್ಲಿ ಸಿಹಿ ಏಳುತ್ತದೆ. ಚೀನೀಯರು ಈ ಮರುಸಿಹಿಗಾಗಿಯೇ ದುಡ್ಡು ಕೊಡುತ್ತಾರೆ.

ನಾಲಿಗೆಯ ತುದಿಗೆ ಸಿಹಿ, ಹಿಂದಕ್ಕೆ ಕಹಿ ಎಂಬ ಶಾಲೆಯ ಚಿತ್ರವನ್ನು ಮರೆತುಬಿಡಿ. ಅದು ತಪ್ಪು, ಎಲ್ಲ ಭಾಗಕ್ಕೂ ಎಲ್ಲ ರುಚಿ ತಿಳಿಯುತ್ತದೆ. ಬಾಯಿ ತುಂಬ ತಿರುಗಿಸಿ ಎನ್ನುವುದು ಅದಕ್ಕೇ.

ಒಂದು ಸಲಕ್ಕೆ 3 ಕಪ್, ಹೆಚ್ಚೆಂದರೆ 4. ನಡುವೆ ಬೆಚ್ಚಗಿನ ನೀರು, ಬೇಕಾದರೆ ಒಂದು ತುತ್ತು ಸಾದಾ ಅನ್ನ. ತಿಳಿಯಾದದ್ದು ಮೊದಲು, ಪುದೀನ ಮತ್ತು ಶುಂಠಿ ಕೊನೆಗೆ. ಪುದೀನದ ಮೆಂಥಾಲ್ ಬಾಯಲ್ಲಿ ಕೂತರೆ ಮುಂದಿನ ಕಪ್ಪೆಲ್ಲ ತಣ್ಣಗೆ ಎನಿಸುತ್ತದೆ. ಊದುಬತ್ತಿ ಹಚ್ಚಿದ ಕೋಣೆ, ಒಗ್ಗರಣೆ ಹಾಕಿದ ಅಡುಗೆಮನೆ, ಕೈಗೆ ಹಚ್ಚಿದ ಪರಿಮಳದ ಸೋಪು, ಮುಡಿದ ಹೂವು ಇವೆಲ್ಲ ಕಪ್ಪಿನೊಳಗಿನ ಕಂಪಿಗೆ ಅಡ್ಡ ಬರುತ್ತವೆ.

ಬರೆಯಲು ಮಾತು ಎಲ್ಲಿಂದ ತರುವುದು

ಡಬ್ಬದ ಮೇಲೆ ಚೆಸ್ಟ್‌ನಟ್, ಆರ್ಕಿಡ್, ಹೇ (ಒಣಹುಲ್ಲು) ಎಂದೆಲ್ಲ ಬರೆದಿರುತ್ತಾರೆ. ಚೆಸ್ಟ್‌ನಟ್ ತಿನ್ನದವರು ಅದನ್ನು ಕಪ್ಪಿನಲ್ಲಿ ಹುಡುಕುವುದು ಹೇಗೆ? ನಿಮ್ಮ ಅಡುಗೆಮನೆ, ಹಿತ್ತಲು, ಹೂವಿನ ಬುಟ್ಟಿಯಲ್ಲಿ ಇರುವುದನ್ನೇ ಬಳಸಿ. ಚೀನಾದ ಹಾಂಗ್‌ಝೌನ ಲೊಂಗ್‌ಜಿಂಗ್‌ನಂಥ ಹುರಿದ ಟೀಗೆ ಹುರಿದ ಹೆಸರುಬೇಳೆ, ಬೇಯಿಸಿದ ಶೇಂಗಾ ಹತ್ತಿರದ ಮಾತು. ಹಬೆಯಲ್ಲಿ ಬೇಯಿಸಿದ ಜಪಾನಿನ ಸೆಂಚಾ ಟೀಗೆ ಬೆಂದ ಹಸಿ ಸೊಪ್ಪು, ಹಸಿ ಅವರೆಕಾಳು ಬೇಯುವ ಹಬೆ, ಸ್ವಲ್ಪ ಸಮುದ್ರದ ಪಾಚಿ. ಒಳ್ಳೆಯ ಎಲೆಯಲ್ಲಿ ಆಗಷ್ಟೇ ಕೊಯ್ದ ಹುಲ್ಲಿನ ಹಸಿ ವಾಸನೆ, ಒಣಗಿದರೆ ಬಣವೆಯ ವಾಸನೆ. ಕೆಲವು ನೀಲಗಿರಿ ಟೀಗಳಲ್ಲಿ ತಿಳಿಯಾದ ಹೂವಿನ ಕಂಪು ಇರುತ್ತದೆ. ಕೊತ್ತಂಬರಿ ಬೀಜ ಜಜ್ಜಿದಾಗ ಬರುವ ಸಿಹಿಗಂಪನ್ನು ನೆನಪಿಸಿಕೊಳ್ಳಿ. ಲಿನಲೂಲ್ ಎಂಬ ಅದೇ ಅಂಶ ಎರಡರಲ್ಲೂ ಇದೆ.

ಜೆನ್‌ಮೈಚಾ ಎಂಬ ಜಪಾನಿ ಟೀಯನ್ನು ನೀವು ತರಿಸಿ ನೋಡಲೇಬೇಕು. ಗ್ರೀನ್ ಟೀ ಜೊತೆ ಹುರಿದ ಅಕ್ಕಿ ಬೆರೆಸಿರುತ್ತಾರೆ, ಅಲ್ಲಲ್ಲಿ ಅರಳಿದ ಕಾಳೂ ಸಿಗುತ್ತದೆ. ಅದರ ಕಂಪು ಮಂಡಕ್ಕಿ ಭಟ್ಟಿಯ ಮುಂದೆ ಹಾದುಹೋದವರಿಗೆ ಪರಿಚಯದ್ದೇ. ಟೀ ಪಾಲು ಕಡಿಮೆ ಇರುವುದರಿಂದ ಕಹಿಯೂ ಕಡಿಮೆ, ಹೊಸಬರಿಗೆ ಹಿತ.

ಕಹಿಯನ್ನೂ ಒಗರನ್ನೂ ಬೇರೆ ಬೇರೆ ಬರೆಯಿರಿ. ಕಹಿ ನಾಲಿಗೆಯ ರುಚಿ, ಮೆಂತ್ಯದ್ದು, ಹಾಗಲದ್ದು. ಒಗರು ಬಾಯಿಯ ಸ್ಪರ್ಶ. ಹಸಿ ಬಾಳೆಕಾಯಿ ಕಚ್ಚಿದಾಗ, ಚೊಗರು ಅಡಿಕೆ ಜಗಿದಾಗ ಕೆನ್ನೆಯ ಒಳಭಾಗ ಒಣಗಿ ಬಿಗಿಯುತ್ತದಲ್ಲ, ಅದು. ಜೊಲ್ಲಿನ ಪ್ರೋಟೀನಿಗೆ ಎಲೆಯ ಕ್ಯಾಟೆಚಿನ್‌ನಂಥ ಪಾಲಿಫಿನಾಲ್ ಅಂಟಿಕೊಂಡು ಬಾಯಿಯ ಜಾರುತನ ಹೋಗುವುದೇ ಕಾರಣ. ಹೆಚ್ಚಿನವರು ಕಹಿ ಎಂದು ದೂರುವುದು ಒಗರನ್ನು. ಬಿಸಿ ಇಳಿಸಿ ಸಮಯ ಕಡಿಮೆ ಮಾಡಿದರೆ ಎರಡೂ ಇಳಿಯುತ್ತವೆ, ಆದರೆ ಎಲೆಯೇ ಒರಟಾಗಿದ್ದರೆ ಒಗರು ಉಳಿದುಕೊಳ್ಳುತ್ತದೆ.

ಟಿಪ್ಪಣಿ ಎರಡು ಸಾಲು ಸಾಕು. ಮಾದರಿಗೆ ಒಂದು: “ಸಾದಾ ಗ್ರೀನ್ ಟೀ ಬ್ಯಾಗ್, 150 ಮಿ.ಲೀ., 80 ಡಿಗ್ರಿ, 2 ನಿಮಿಷ. ಒದ್ದೆ ಎಲೆ: ಬೆಂದ ಹರಿವೆ ಸೊಪ್ಪು, ಆರಿದ ಮೇಲೆ ಒಣಹುಲ್ಲು. ತಿಳಿಹಳದಿ. ಕಹಿ 2, ಒಗರು 3, ಸಿಹಿ 1. ಬಾಯಲ್ಲಿ ತೆಳು. ಬಾಲ ಚಿಕ್ಕದು, 10 ಸೆಕೆಂಡಿಗೆ ಹೋಯಿತು.” ಅಂಕ 0ಯಿಂದ 5. ನುಂಗಿದ ಮೇಲೆ ಉಳಿಯುವ ರುಚಿಯೇ ಬಾಲ. ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬುದನ್ನು ಕೊನೆಯಲ್ಲಿ ಬೇರೆಯಾಗಿ ಬರೆಯಿರಿ. ಅದನ್ನೇ ಮೊದಲು ಬರೆದರೆ ಉಳಿದದ್ದೆಲ್ಲ ಅದಕ್ಕೆ ತಕ್ಕಂತೆ ಬಂದುಬಿಡುತ್ತದೆ. ಡಬ್ಬದ ಬರಹವನ್ನು ನಿಮ್ಮ ಟಿಪ್ಪಣಿ ಮುಗಿದ ಮೇಲೆ ಓದಿ.

ಊಹೆಯೋ ನಿಜವೋ ಎಂಬ ಅನುಮಾನ ಬಂದರೆ ತ್ರಿಕೋನ ಪರೀಕ್ಷೆ ಮಾಡಿ. ಮನೆಯವರೊಬ್ಬರು ಕಪ್ಪಿನ ಅಡಿಗೆ ಗುರುತು ಹಾಕಿ, ಎರಡರಲ್ಲಿ ಒಂದೇ ಟೀ, ಮೂರನೆಯದರಲ್ಲಿ ಬೇರೆ ಟೀ ಇಟ್ಟು ಕೊಡಲಿ. ಬೇರೆಯದ್ದು ಯಾವುದು ಎಂದು ಹೇಳಬೇಕು. ಬಣ್ಣ ಸುಳಿವು ಕೊಡುವಂತಿದ್ದರೆ ಕಣ್ಣು ಮುಚ್ಚಿಕೊಳ್ಳಿ. ಸುಮ್ಮನೆ ಊಹಿಸಿದರೂ ಒಮ್ಮೆ ಸರಿಯಾಗುವ ಸಾಧ್ಯತೆ ಮೂರರಲ್ಲಿ ಒಂದು. ಸತತ 3 ಸಲ ಊಹೆಯಿಂದಲೇ ಸರಿಯಾಗುವುದು 27ರಲ್ಲಿ ಒಂದು. ಹಾಗಾಗಿ ಮೂರಕ್ಕೆ ಮೂರೂ ಸರಿಯಾದರೆ ನಿಮ್ಮ ಬಾಯನ್ನು ನಂಬಬಹುದು.

ಪರಿಮಳ ಸೇರಿಸಿದ ಟೀಗಳು

ನಿಮ್ಮ ಡಬ್ಬದ ಜೇನು-ನಿಂಬೆಯ ಬಗ್ಗೆ ನಿರಾಸೆಯಾಗಿದ್ದರೆ ಅದು ಸಹಜ. ಇಂಥ ಎಷ್ಟೋ ಬ್ಯಾಗುಗಳಲ್ಲಿ ಇರುವುದು ಜೇನಲ್ಲ, ಜೇನಿನ ಪರಿಮಳ. ಪೊಟ್ಟಣದ ಹಿಂದೆ ಪದಾರ್ಥಗಳ ಪಟ್ಟಿ ಇರುತ್ತದೆ, ತೂಕ ಹೆಚ್ಚಿರುವುದು ಮೊದಲು ಬರುತ್ತದೆ. ಪಟ್ಟಿಯಲ್ಲಿ ಜೇನಿಲ್ಲದೆ ಫ್ಲೇವರ್ ಎಂದಷ್ಟೇ ಇದ್ದರೆ ಸಿಹಿ ಬರಲು ಕಾರಣವೇ ಇಲ್ಲ. ಮೂಗು ಸಿಹಿಯನ್ನು ಎದುರು ನೋಡುತ್ತದೆ, ನಾಲಿಗೆಗೆ ಕಹಿ ಸಿಗುತ್ತದೆ, ಇದ್ದದ್ದಕ್ಕಿಂತ ಹೆಚ್ಚು ಕಹಿ ಅನಿಸುತ್ತದೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವ ನಿಮಗೆ ಇದು ಒಳ್ಳೆಯದೇ. ಜೇನು ಸೇರಿಸಿ ಸರಿಪಡಿಸಲು ಹೋದರೆ ಬಿಟ್ಟ ಸಕ್ಕರೆ ಇನ್ನೊಂದು ಬಾಗಿಲಿಂದ ಬಂದಂತೆ.

ಪರಿಮಳದ ಕೆಳಗೆ ಇರುವ ಟೀ ಹೇಗಿದೆ ಎಂದು ತಿಳಿಯಲು ಅದೇ ಎಲೆಗೆ ಎರಡನೇ ಸಲ ನೀರು ಹಾಕಿ, 85 ಡಿಗ್ರಿ (5 ಪಾಲು ಮರಳುವ ನೀರು, 1 ಪಾಲು ತಣ್ಣೀರು), 3 ನಿಮಿಷ. ಹೊರಗಿನಿಂದ ಹಚ್ಚಿದ ಪರಿಮಳ ಮೊದಲ ಸಲವೇ ಬಹುಪಾಲು ಹೋಗಿರುತ್ತದೆ. ಎರಡನೆಯ ಕಪ್ಪಿನಲ್ಲಿ ಬರೀ ಬಿಸಿನೀರಿನಂಥದ್ದು ಉಳಿದರೆ ಎಲೆ ಕಳಪೆ, ಘಮ ಅದರ ಮುಸುಕು.

ಜಾಸ್ಮಿನ್ ಟೀ ಇದಕ್ಕೆ ಒಳ್ಳೆಯ ಅಪವಾದ. ಚೀನಾದ ಫೂಝೌ ಪದ್ಧತಿಯಲ್ಲಿ ಹಗಲು ಕಿತ್ತ ಮೊಗ್ಗುಗಳನ್ನು ಸಂಜೆ ಟೀ ಎಲೆಯ ಜೊತೆ ಪದರ ಪದರವಾಗಿ ಹರಡುತ್ತಾರೆ. ರಾತ್ರಿ ಮೊಗ್ಗು ಬಿರಿಯುವಾಗ ಹೊರಬಿದ್ದ ಕಂಪನ್ನು ಒಣ ಎಲೆ ಹೀರಿಕೊಳ್ಳುತ್ತದೆ. ಬೆಳಿಗ್ಗೆ ಹೂವು ತೆಗೆದು ಎಲೆಯನ್ನು ಮತ್ತೆ ಒಣಗಿಸುತ್ತಾರೆ. ಮೇಲ್ದರ್ಜೆಯದ್ದಕ್ಕೆ ಇದೇ ಕೆಲಸ ಹಲವು ರಾತ್ರಿ. ಹಾಗಾಗಿ ಹೂವಿನ ಎಸಳು ಹೆಚ್ಚು ಕಂಡಷ್ಟೂ ಉತ್ತಮ ಎಂಬುದು ತಪ್ಪು. ಒಳ್ಳೆಯ ಜಾಸ್ಮಿನ್ ಟೀಯಲ್ಲಿ ಹೂವೇ ಇರಬೇಕಿಲ್ಲ. ಬಳಸುವುದು ಜಾಸ್ಮಿನಮ್ ಸಂಬಾಕ್, ಉಡುಪಿಯ ಶಂಕರಪುರ ಮಲ್ಲಿಗೆಯ ಜಾತಿಯೇ. ಹೀಗೆ ಕಂಪು ಕುಡಿದ ಎಲೆ ಎರಡನೇ ನೀರಿಗೂ ಮಲ್ಲಿಗೆಯನ್ನು ಕೊಡುತ್ತದೆ, ಎಣ್ಣೆ ಸಿಂಪಡಿಸಿದ್ದು ಕೊಡುವುದಿಲ್ಲ.

ಹಿತ್ತಲಲ್ಲಿ ಮಲ್ಲಿಗೆ ಇದ್ದರೆ ನೀವೇ ಮಾಡಿ ನೋಡಬಹುದು. ಒಣ ಗ್ರೀನ್ ಟೀ ಎಲೆ 20 ಗ್ರಾಂ, ಅಷ್ಟೇ ತೂಕದ, ಸಂಜೆ ಬಿರಿಯಲಿರುವ ಮೊಗ್ಗು. ಪಿಂಗಾಣಿ ಬಟ್ಟಲಿನಲ್ಲಿ ಪದರವಾಗಿ ಹಾಕಿ ತೆಳು ಬಟ್ಟೆ ಮುಚ್ಚಿಡಿ. ಬೆಳಿಗ್ಗೆ ಹೂವನ್ನು ಒಂದೂ ಬಿಡದೆ ಆರಿಸಿ ತೆಗೆಯಿರಿ. ಎಲೆ ಹೂವಿನ ತೇವ ಹೀರಿ ಮೆತ್ತಗಾಗಿರುತ್ತದೆ. ದಪ್ಪ ತಳದ ಬಾಣಲೆಯಲ್ಲಿ ಅತಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ, ಎಲೆ ಮುರಿದರೆ ಪಟ್ ಎನ್ನುವ ತನಕ ಒಣಗಿಸಿ. ಕೆಡುವುದು ಇಲ್ಲೇ. ಒದ್ದೆ ಉಳಿದರೆ ಡಬ್ಬಿಯಲ್ಲಿ ಬೂಸ್ಟು, ಉರಿ ಹೆಚ್ಚಾದರೆ ಮಲ್ಲಿಗೆ ಹಾರಿ ಹುರಿದ ವಾಸನೆ. ಮಾರುಕಟ್ಟೆಯ ಹೂವು ಬೇಡ. ಮುಡಿಯಲು ಬೆಳೆದ ಹೂವಿಗೆ ಕೀಟನಾಶಕ ಹೊಡೆದಿರುತ್ತಾರೆ.

ಟೀ ಇಲ್ಲದ ಟೀಗಳು

ತುಳಸಿ, ಕ್ಯಾಮೊಮೈಲ್, ದಾಸವಾಳ ಇವು ಬೇರೆ ಗಿಡಗಳ ಕಷಾಯ. ಕ್ಯಾಟೆಚಿನ್‌ನ ಕಾಟ ಇಲ್ಲದ್ದರಿಂದ ಇಲ್ಲಿ ಮರಳುವ ನೀರೇ ಸರಿ. ಒಣ ಎಲೆ, ಹೂವಿಗೆ 200 ಮಿ.ಲೀ.ಗೆ 2ರಿಂದ 3 ಗ್ರಾಂ, 5 ನಿಮಿಷ. ಮುಚ್ಚಿಡಲೇಬೇಕು, ಹಬೆಯ ಜೊತೆ ಹೋಗುವುದು ನೀವು ಹುಡುಕುತ್ತಿರುವ ಎಣ್ಣೆಯಂಶವೇ. ತಟ್ಟೆಯ ಅಡಿ ನಿಂತ ಹನಿಯನ್ನು ಕಪ್ಪಿಗೇ ಕೊಡವಿ. ಶುಂಠಿ, ಚಕ್ಕೆ, ಜ್ಯೇಷ್ಠಮಧುವಿನಂಥ ಬೇರು-ತೊಗಟೆ ಆದರೆ ಸಣ್ಣ ಉರಿಯಲ್ಲಿ 8-10 ನಿಮಿಷ ಕುದಿಯಬೇಕು.

ತುಳಸಿಯಲ್ಲಿ ಲವಂಗದ ನೆರಳು ಕಂಡರೆ ಭ್ರಮೆಯಲ್ಲ, ಎರಡರಲ್ಲೂ ಇರುವುದು ಯೂಜೆನಾಲ್ ಎಂಬ ಪರಿಮಳದ ಅಂಶ. ಮಜ್ಜಿಗೆ ಹುಲ್ಲಿನದ್ದು (ಲೆಮನ್‌ಗ್ರಾಸ್) ಸಿಟ್ರಾಲ್: ನಿಂಬೆಯ ಕಂಪು ಇದೆ, ಹುಳಿ ಇಲ್ಲ. ಕ್ಯಾಮೊಮೈಲ್‌ಗೆ ಸೇಬು, ಒಣಹುಲ್ಲು, ಸೇವಂತಿಗೆಯ ಕಟುವಾಸನೆ. 7-8 ನಿಮಿಷ ದಾಟಿದರೆ ಕಹಿ. ಹೈಬಿಸ್ಕಸ್ ಎಂದು ಬರುವುದು ಸಾಮಾನ್ಯವಾಗಿ ಪೂಜೆಯ ದಾಸವಾಳವಲ್ಲ, ಉತ್ತರ ಕರ್ನಾಟಕದ ಪುಂಡಿ ಬಳಗದ ಕೆಂಪು ಪುಂಡಿಯ ಪುಷ್ಪಪಾತ್ರೆ. ಅದಕ್ಕೇ ಆ ಹುಳಿ. 1.5 ಗ್ರಾಂ ಸಾಕು, ಹೆಚ್ಚಾದರೆ ಹುಣಸೆನೀರು. ಶಂಖಪುಷ್ಪದ ನೀಲಿ ಟೀ ನೋಡಲು ಚೆಂದ, ನಿಂಬೆ ಹಿಂಡಿದರೆ ನೇರಳೆಗೆ ತಿರುಗುತ್ತದೆ. ರುಚಿ ಎಂದು ಬರೆಯಲು ಹೆಚ್ಚೇನೂ ಇಲ್ಲ.

ಡಬ್ಬ ಮತ್ತು ಮುಂದಿನ ಖರೀದಿ

ಡಬ್ಬ ಎಲ್ಲಿಟ್ಟಿದ್ದೀರಿ ಎಂದು ಬರೆದಿಲ್ಲ. ಸಾಂಬಾರ್ ಪುಡಿ, ಲವಂಗ, ಇಂಗಿನ ಕಪಾಟಿನಲ್ಲಿದ್ದರೆ ಇಂದೇ ಹೊರಗೆ ತೆಗೆಯಿರಿ. ಮಲ್ಲಿಗೆಯನ್ನು ಹೀರುವ ಎಲೆ ಇಂಗನ್ನು ಬಿಡುತ್ತದೆಯೇ? ಗಾಳಿಯಾಡದ ಲೋಹದ ಡಬ್ಬಿ, ಒಲೆಯಿಂದ ದೂರ. ಗ್ರೀನ್ ಟೀ ಪೊಟ್ಟಣ ಒಡೆದ ಮೇಲೆ 2-3 ತಿಂಗಳಲ್ಲಿ ಮುಗಿಸಿ. ಫ್ರಿಜ್ಜಿನಲ್ಲಿಟ್ಟು ಪದೇ ಪದೇ ತೆಗೆದರೆ ಹೊರಗಿನ ತೇವ ಎಲೆಯ ಮೇಲೆ ಕೂರುತ್ತದೆ.

ಇರುವ ಬ್ಯಾಗುಗಳ ಕಹಿ ಹೇಗೂ ಒಗ್ಗದಿದ್ದರೆ ತಣ್ಣೀರಲ್ಲಿ ನೆನೆಸಿ. ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ 3 ಬ್ಯಾಗ್, ಫ್ರಿಜ್ಜಿನಲ್ಲಿ 6ರಿಂದ 8 ಗಂಟೆ. ಕಹಿ ತೀರಾ ಇಳಿದು ಸಿಹಿ ಮುಂದೆ ಬರುತ್ತದೆ, ಘಮ ಮಾತ್ರ ಕಡಿಮೆ. ಹೊರಗಡೆ ಇಡಬೇಡಿ, ಬಿಸಿ ಕಾಣದ ಎಲೆ ಸೂಕ್ಷ್ಮಾಣುಗಳಿಗೆ ಅನುಕೂಲ. 24 ಗಂಟೆಯೊಳಗೆ ಮುಗಿಸಿ. ದಾಸವಾಳದ ಬ್ಯಾಗಿಗೂ ಈ ದಾರಿ ಚೆನ್ನಾಗಿ ಒಪ್ಪುತ್ತದೆ.

ಬಿಡಿ ಎಲೆ ಕೊಳ್ಳುವುದಾದರೆ 25 ಗ್ರಾಂ ಪೊಟ್ಟಣಗಳಲ್ಲಿ, ಪರಿಮಳ ಸೇರಿಸದ ನೀಲಗಿರಿ ಗ್ರೀನ್ ಟೀ ಒಂದು, ಜಪಾನಿ ಅಥವಾ ಚೀನಾದ್ದು ಒಂದು ಸಾಕು. ಹುರಿದದ್ದಕ್ಕೂ ಹಬೆಯದ್ದಕ್ಕೂ ಇರುವ ಅಂತರ ಎದ್ದು ಕಾಣುತ್ತದೆ. ಕಿಟಕಿಯ ಬೆಳಕಿಗೆ ಗಾಜಿನ ಭರಣಿಯಲ್ಲಿಟ್ಟ ಎಲೆ ಎಷ್ಟೇ ಅಗ್ಗವಾದರೂ ಬೇಡ.

ಎಷ್ಟು, ಯಾರಿಗೆ ಬೇಡ

ಗ್ರೀನ್ ಟೀಯಲ್ಲಿ ಕೆಫೀನ್ ಇಲ್ಲ ಎಂಬುದು ತಪ್ಪು. 150 ಮಿ.ಲೀ. ಕಪ್ಪಿನಲ್ಲಿ ಸುಮಾರು 20-35 ಮಿ.ಗ್ರಾಂ. ಇರುತ್ತದೆ. ತುಳಸಿ ಗ್ರೀನ್ ಟೀ ಎಂದಿದ್ದರೆ ಅದರಲ್ಲೂ ಇದೆ. ಕಹಿ ಹೆಚ್ಚಾದಷ್ಟೂ ಔಷಧಿಗುಣ ಹೆಚ್ಚು ಎಂದು ಬ್ಯಾಗ್ ಹಿಂಡುವುದರಲ್ಲಿ ಅರ್ಥವಿಲ್ಲ. ಶುಗರ್‌ಗೆ ನಿಜವಾದ ಲಾಭ ಹಾಲಿನ ಟೀಯ ಸಕ್ಕರೆ ತಪ್ಪಿದ್ದರಲ್ಲಿದೆ. ಖಾಲಿ ಹೊಟ್ಟೆಯಲ್ಲಿ ಗಟ್ಟಿ ಗ್ರೀನ್ ಟೀ ಕುಡಿದರೆ ಹಲವರಿಗೆ ಹೊಟ್ಟೆ ತೊಳೆಸುತ್ತದೆ. ರಕ್ತಹೀನತೆ ಇದ್ದರೆ ಊಟಕ್ಕೂ ಟೀಗೂ ಕನಿಷ್ಠ ಒಂದು ಗಂಟೆ ಅಂತರವಿಡಿ, ಸೊಪ್ಪು-ಕಾಳಿನ ಕಬ್ಬಿಣಾಂಶವನ್ನು ದೇಹ ಹೀರದಂತೆ ಟೀ ತಡೆಯುತ್ತದೆ. ಕಪ್ಪಿನಲ್ಲಿ ಕುಡಿಯುವ ಟೀ ಬೇರೆ, ಗ್ರೀನ್ ಟೀ ಸಾರದ ಮಾತ್ರೆ ಬೇರೆ. ಮಾತ್ರೆಗಳಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳಿವೆ.

ಗಿಡಮೂಲಿಕೆ ಎಂದ ಮಾತ್ರಕ್ಕೆ ನಿರಪಾಯ ಅಲ್ಲ. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ದಾಸವಾಳದ ಟೀ ನಿತ್ಯ ಕುಡಿಯುವ ಮುನ್ನ ಡಾಕ್ಟರ್‌ನ್ನು ಕೇಳಬೇಕು, ಅದು ರಕ್ತದೊತ್ತಡ ಇಳಿಸಬಲ್ಲದು. ಜ್ಯೇಷ್ಠಮಧು ಉಲ್ಟಾ, ಹೆಚ್ಚು ದಿನ ಕುಡಿದರೆ ಒತ್ತಡ ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ. ಸಕ್ಕರೆಯಿಲ್ಲದೆಯೂ ಸಿಹಿ ಎನಿಸುವ ಹರ್ಬಲ್ ಟೀಯ ಪದಾರ್ಥಪಟ್ಟಿಯಲ್ಲಿ ಅದನ್ನು ಹುಡುಕಿ. ಸೇವಂತಿಗೆ ಜಾತಿಯ ಹೂವು ಆಗದವರಿಗೆ ಕ್ಯಾಮೊಮೈಲ್ ಅಲರ್ಜಿ ತರಬಹುದು. ರಕ್ತ ತೆಳುವಾಗಿಸುವ ಮಾತ್ರೆ ಇರುವವರೂ ಅದನ್ನು ಕೇಳಿ ಕುಡಿಯಬೇಕು. ತೂಕ ಇಳಿಸುವ, ಡಿಟಾಕ್ಸ್ ಎಂಬ ಹೆಸರಿನ ಟೀಗಳಲ್ಲಿ ಸೋನಾಮುಖಿ ಇದೆಯೇ ನೋಡಿ. ಅದು ಭೇದಿಯ ಔಷಧ. ಇಳಿಯುವುದು ಕೊಬ್ಬಲ್ಲ, ನೀರು.

ಹೋಲಿಕೆಗೆ ಬೆಳಿಗ್ಗೆ 10-11 ಗಂಟೆ ಒಳ್ಳೆಯ ಹೊತ್ತು. ತಿಂಡಿಯ ಖಾರ ಹೋಗಿರುತ್ತದೆ, ಹಸಿವು ಸ್ವಲ್ಪ ಇರುತ್ತದೆ, ನಿದ್ದೆಗೂ ತೊಂದರೆಯಿಲ್ಲ. ಮೂರು ಕಪ್ಪನ್ನೂ ಪೂರ್ತಿ ಕುಡಿಯುವ ಅಗತ್ಯವಿಲ್ಲ. ಪಕ್ಕದಲ್ಲಿ ಒಂದು ಖಾಲಿ ಚೊಂಬು ಇಟ್ಟುಕೊಂಡು ಉಗುಳಿ, ಮೆಚ್ಚಿದ್ದನ್ನು ಮಾತ್ರ ಮುಗಿಸಿ.